ಬಿದ್ದುಹೋದ ಅಂಕಿ

ಡಿಸೆಂಬರ್ 3, ಬುಧವಾರ

ಈ ನೋಟುಬುಕ್ಕು ಕನ್ನಡದಲ್ಲೇ ಇರಲಿ. ಮಲಯಾಳದಲ್ಲಿ ಬರೆದರೆ ನನ್ನ ಗಂಡ ಸಜೀವೇಟ್ಟ ಓದುತ್ತಾರೆ, ಅತ್ತೆ ಓದುತ್ತಾರೆ, ಪೇಪರು ತರುವವನೂ ನಿಂತು ಓದುತ್ತಾನೆ. ಈ ಮನೆಯಲ್ಲಿ ಕನ್ನಡ ಎಲ್ಲರ ಬಾಯಲ್ಲೂ ಇದೆ, ಬರೆಯಲು ಓದಲು ಬರುವುದು ಮಾತ್ರ ನನಗೊಬ್ಬಳಿಗೆ. ಅಮ್ಮ ನಾಗರತ್ನಮ್ಮ ಗುಂಡ್ಲುಪೇಟೆ ಕಡೆಯವಳು. ಹುರುಳಿ ಆರಿಸುತ್ತ ಕೂತಾಗ ಮೊರದ ಧೂಳಿನಲ್ಲಿ ನನ್ನ ಬೆರಳು ಹಿಡಿದು ಅಕ್ಷರ ಬರೆಸಿದ್ದಳು.

ಇವತ್ತು ಹಾಲಿನ ಸೊಸೈಟಿಯ ಪೆಟ್ಟಿಗೆಯ ಕೆಲಸ ಮುಗಿಯಿತು. ಹಾಲು ಪರೀಕ್ಷಿಸುವ ಯಂತ್ರದ ಪರದೆ ತುಲಾವರ್ಷದ, ಅಂದರೆ ಹಿಂಗಾರು ಮಳೆಯ, ಸಿಡಿಲಿಗೆ ಸುಟ್ಟುಹೋಗಿತ್ತು. ಯಂತ್ರ ಸರಿಯಾಗಿಯೇ ಇದೆ, ಅದು ಹೇಳುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಹಿಂದುಗಡೆ ಒಂದು ವೈರಿನಲ್ಲಿ ಅಂಕಿಗಳು ಹೊರಗೆ ಬರುತ್ತವೆ. ಅವನ್ನು ಹಿಡಿದು ಗೋಡೆಯ ಮೇಲೆ ದೊಡ್ಡ ಕೆಂಪು ಬೋರ್ಡಿನಲ್ಲಿ ತೋರಿಸಬೇಕು. ಸೊಸೈಟಿಯ ಸೆಕ್ರೆಟರಿ ನನ್ನ ಗಂಡನೇ ಆದ್ದರಿಂದ ಕೆಲಸ ಪುಲ್ಪಳ್ಳಿ ಬಜಾರಿನ ನನ್ನ ರಿಪೇರಿ ಅಂಗಡಿಗೇ ಬಂತು. ಮಿಕ್ಸಿ, ಟಾರ್ಚು, ಆನೆಬೇಲಿಯ ಬ್ಯಾಟರಿ ಪೆಟ್ಟಿಗೆ ಬಿಟ್ಟು ನನ್ನ ಡಿಪ್ಲೊಮಾಕ್ಕೆ ತಕ್ಕ ಕೆಲಸ ಸಿಕ್ಕಿದ್ದು ಇದೇ ಮೊದಲು.

ಯಂತ್ರ ಸೆಕೆಂಡಿಗೆ ಐವತ್ತೇಳು ಸಾವಿರದ ಆರುನೂರು ಬಿಟ್ ವೇಗದಲ್ಲಿ ಮಾತಾಡುತ್ತದೆ. ನನ್ನ ಪೆಟ್ಟಿಗೆಯ ಚಿಪ್ಪೂ ಅದೇ ವೇಗದಲ್ಲಿ ಕೇಳಿಸಿಕೊಳ್ಳಬೇಕು. ಅದರ ಗಡಿಯಾರ ಅದಕ್ಕೆ, ಇದರ ಗಡಿಯಾರ ಇದಕ್ಕೆ. ಒಂದೇ ಒರಳಿಗೆ ಇಬ್ಬರು ಒನಕೆ ಹಾಕಿದ ಹಾಗೆ: ಒಬ್ಬಳು ತುಸು ನಿಧಾನವಾದರೆ ಮೊದಲ ನಾಲ್ಕು ಏಟಿಗೆ ತಿಳಿಯುವುದಿಲ್ಲ, ಹತ್ತನೆಯದಕ್ಕೆ ಒನಕೆಗೆ ಒನಕೆ ತಾಗುತ್ತದೆ. ಒಂದು ಅಂಕಿ ದಾಟಲು ಸರಿಯಾಗಿ ಹತ್ತು ಏಟು ಬೇಕು. ಇದಕ್ಕೆಂದೇ 11.0592 ಮೆಗಾಹರ್ಟ್ಸ್ ಎಂಬ ವಿಚಿತ್ರ ಅಳತೆಯ ಕ್ರಿಸ್ಟಲ್ ಸಿಗುತ್ತದೆ. ಅದನ್ನು ಆ ವೇಗದ ಹದಿನಾರು ಪಟ್ಟಿನಿಂದ ಭಾಗಿಸಿದರೆ ಹನ್ನೆರಡು, ಶೇಷವೇ ಇಲ್ಲ. ಬತ್ತೇರಿಯ ಅಂಗಡಿಯಲ್ಲಿ ಅದಿರಲಿಲ್ಲ, ಕೋಳಿಕ್ಕೋಡಿನಿಂದ ಬರಲು ವಾರ ಬೇಕಂತೆ. ಸಜೀವೇಟ್ಟ ಆಗಲೇ ಎಲ್ಲರಿಗೂ ಶುಕ್ರವಾರ ಅಂತ ಹೇಳಿಯಾಗಿತ್ತು. ಹಾಗಾಗಿ ಚಿಪ್ಪಿನ ಹೊಟ್ಟೆಯಲ್ಲೇ ಇರುವ ಎಂಟು ಮೆಗಾಹರ್ಟ್ಸ್ ಗಡಿಯಾರ ಹಿಡಿದೆ. ಭಾಗಿಸಿದರೆ 8.68. ಚಿಪ್ಪಿಗೆ ಪೂರ್ಣಸಂಖ್ಯೆಯೇ ಬೇಕು. ಒಂಬತ್ತು ಅಂತ ಹಾಕಿದೆ. ನೂರಕ್ಕೆ ಮೂರೂವರೆಯಷ್ಟು ನಿಧಾನ. ನಡೆಯುತ್ತದೆ.

ಮೊದಮೊದಲು ನಡುನಡುವೆ ಒಂದು ಕೆಟ್ಟ ಅಕ್ಷರ ಬಂದು ಬೋರ್ಡಿನ ಮೇಲೆ ಕೋಳಿ ಕೆದರಿದ ಹಾಗೆ ಕಾಣುತ್ತಿತ್ತು. ಕೆಟ್ಟದ್ದು ಬಂದರೆ ಬಿಟ್ಟು ಮುಂದೆ ಹೋಗು ಅಂತ ಪ್ರೋಗ್ರಾಮಿನಲ್ಲಿ ಒಂದು ಸಾಲು ಸೇರಿಸಿದೆ. ಆಮೇಲೆ ಬೋರ್ಡು ಚೊಕ್ಕಟವಾಯಿತು.

ಡಿಸೆಂಬರ್ 9, ಮಂಗಳವಾರ

ಬೋರ್ಡು ನೋಡಲು ಹಾಲಿಲ್ಲದವರೂ ಬರುತ್ತಿದ್ದಾರೆ. ಹಾಲು ಎಷ್ಟು ಗಟ್ಟಿ ಅಂತ ಹೇಳುವ ಅಂಕಿ ಅದು. ಎಂಟು ಪಾಯಿಂಟ್ ಮೂರಕ್ಕಿಂತ ಕೆಳಗೆ ಬಂದರೆ ನೀರು ಬೆರೆಸಿದ್ದಾರೆ ಅಂತ ಅರ್ಥ. ಮುಂಚೆ ಸಜೀವೇಟ್ಟ ಅವರವರ ಕಿವಿಗೆ ಹೇಳಿ ಮುಗಿಸುತ್ತಿದ್ದರು, ಈಗ ಇಡೀ ಸಾಲಿಗೆ ಕಾಣುತ್ತದೆ. ಸೊಸೈಟಿಯ ಅಧ್ಯಕ್ಷ, ಮೇಷ್ಟ್ರಾಗಿದ್ದ ಅಚ್ಯುತನ್ ಮಾಷ್ ನನ್ನನ್ನು ಎಂಜಿನಿಯರ್ ಅಂತ ಕರೆದರು. ಬೆಳಿಗ್ಗೆಯಿಂದ ಅದನ್ನೇ ನೆನೆಸಿಕೊಂಡು ನಗುತ್ತಿದ್ದೇನೆ, ನನಗೇ ನಾಚಿಕೆ.

ಐದೂವರೆಗೆ ಷಟರ್ ಎತ್ತುವಾಗಲೇ ಕಟ್ಟೆಯ ಮೇಲೆ ಕುಳ್ಳಿ ಕೂತಿರುತ್ತಾಳೆ. ಕಾಡಿನಂಚಿನ ಕಾಲೊನಿಯವಳು, ಕಾಟ್ಟುನಾಯ್ಕ ಬುಡಕಟ್ಟಿನವಳು. ಒಂದೇ ಹಸು. ಅತ್ತೆಗೂ ಅವಳಿಗೂ ಒಂದೇ ವಯಸ್ಸಿರಬೇಕು. ಹಾಲು ಅಳೆದು ಕಾಫಿ ಕೊಯ್ಯಲು ಓಡಬೇಕು, ಅದಕ್ಕೆ ದಿನಾ ಅವಳೇ ಮೊದಲು. ಅದು ಅವಳೇ ಹೇಳುವ ಕಾರಣ. ಸಾಲಿನಲ್ಲಿ ಅವಳ ಕ್ಯಾನಿಗೆ ತಮ್ಮ ಕ್ಯಾನು ತಾಗದ ಹಾಗೆ ಕೆಲವರು ಎಳೆದುಕೊಳ್ಳುವುದನ್ನು ನಾನೂ ಕಂಡಿದ್ದೇನೆ. ಇವತ್ತು ಅವಳ ಹಾಲು 8.9. ಕಾಡಿನ ಹುಲ್ಲಿನ ಗುಣ ಅಂತ ಸಜೀವೇಟ್ಟ ತಮಾಷೆ ಮಾಡಿದರು.

ಡಿಸೆಂಬರ್ 17, ಬುಧವಾರ

ಕುಳ್ಳಿಯ ಹಾಲು ಇವತ್ತು 8.0. ಮೊನ್ನೆ 8.2 ಬಂದಿತ್ತು. ಸಜೀವೇಟ್ಟ ಎಲ್ಲರೆದುರೂ ಗದರಿದರಂತೆ. ಮನೆಗೆ ಬಂದು ಚಾ ಕುಡಿಯುತ್ತ, ಪಾಪ ಬಡವಳು, ಆದರೆ ಒಬ್ಬಳಿಗೆ ಬಿಟ್ಟರೆ ಎಲ್ಲರೂ ಶುರು ಮಾಡುತ್ತಾರೆ ಅಂದರು. ನನಗೂ ಹೌದನ್ನಿಸಿತು. ಚಳಿ ಜೋರಾಗಿದೆ, ಗದ್ದೆಯ ಮೇಲೆ ಮಂಜು ಎಂಟು ಗಂಟೆಯಾದರೂ ಏಳುವುದಿಲ್ಲ.

ಡಿಸೆಂಬರ್ 22, ಸೋಮವಾರ

ಇವತ್ತು ನಾನೂ ಅಲ್ಲೇ ಇದ್ದೆ. ಇಲ್ಲದಿದ್ದರೆ ಚೆನ್ನಾಗಿತ್ತು.

ಸಜೀವೇಟ್ಟನ ಗಂಟಲು ಕಟ್ಟಿತ್ತು ಅಂತ ಅಂಕಿ ಓದಿ ಹೇಳಲು ಜೊತೆಗೆ ಹೋದೆ. ಕುಳ್ಳಿ ಕ್ಯಾನು ಇಟ್ಟಳು. ಅವಳಿಗೆ ಅಂಕಿ ಓದಲು ಬರುವುದಿಲ್ಲ. ಎಷ್ಟು ಬಂತಮ್ಮಾ ಅಂತ ನನ್ನನ್ನು ಕನ್ನಡದಲ್ಲಿ ಕೇಳಿದಳು. ನಾನು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ, ಎಂಟು ಪಾಯಿಂಟ್ ಒಂದು ಅಂದೆ. ಅಷ್ಟು ಗಟ್ಟಿಯಾಗಿ ಹೇಳುವ ಅಗತ್ಯವಿರಲಿಲ್ಲ.

ಮೂರು ಸಲ ಆದರೆ ಹಾಲು ವಾಪಸು, ಇದು ಸೊಸೈಟಿಯ ಕಟ್ಟಳೆ. ಸಜೀವೇಟ್ಟ ಕ್ಯಾನನ್ನು ಮೆಟ್ಟಿಲ ಕೆಳಗಿಟ್ಟರು. ಅವಳು ಜಗಳ ಮಾಡಲಿಲ್ಲ. "ನಾ ನೀರು ಹಾಕಿಲ್ಲಮ್ಮಾ. ಪಶೂನ ಇಲ್ಲೇ ತಂದು ಕಟ್ತೀನಿ. ನಿಮ್ಮ ಕಣ್ಣೆದುರೇ ಕರೀತೀನಿ, ಆಮೇಲೆ ಮೆಷೀನಿಗೆ ಹುಯ್ಯಿ" ಅಂದಳು.

ಸಜೀವೇಟ್ಟ ನನ್ನ ಮುಖ ನೋಡಿದರು. ನಾನು ಅಂದೆ: "ಮೆಷೀನಿಗೆ ಯಾರ ಮೇಲೂ ಹಗೆಯಿಲ್ಲ ಕುಳ್ಳಿ. ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೆ."

ಸಾಲಿನಲ್ಲಿ ಯಾರೋ ನಕ್ಕರು. ಮಾತು ಚೆನ್ನಾಗಿ ಬಂತು ಅಂತ ಆ ಹೊತ್ತಿಗೆ ನನಗೂ ಅನ್ನಿಸಿತ್ತು. ಅವಳು ಕ್ಯಾನು ತಲೆಯ ಮೇಲಿಟ್ಟುಕೊಂಡು ಮಂಜಿನೊಳಗೆ ಹೋದಳು.

ಡಿಸೆಂಬರ್ 24

ಅಂಗಡಿಯಲ್ಲಿ ಕ್ರಿಸ್ಮಸ್ ದೀಪದ ಸರಗಳದ್ದೇ ರಾಶಿ. ಬರೆಯುವಂಥದ್ದೇನೂ ಇಲ್ಲ.

ಡಿಸೆಂಬರ್ 29, ಸೋಮವಾರ

ಕುಳ್ಳಿ ಈಗ ಕಟ್ಟೆಯ ಮೇಲೆ ಕೂರುವುದಿಲ್ಲ. ಎಲ್ಲರದ್ದೂ ಮುಗಿದ ಮೇಲೆ, ಏಳು ಗಂಟೆಗೆ, ಕೊನೆಯವಳಾಗಿ ಬರುತ್ತಾಳೆ. ಕಾಫಿ ಕೊಯ್ಲಿಗೆ ತಡವಾಗುತ್ತದೆ ಅಂತ ಅಲ್ಲೂ ಬೈಸಿಕೊಳ್ಳುತ್ತಾಳಂತೆ. ಬಂದ ನಾಲ್ಕು ದಿನವೂ ಅಂಕಿ 8.5ರ ಮೇಲೆಯೇ. ಕಂಡೆಯಾ, ಒಮ್ಮೆ ವಾಪಸು ಕಳಿಸಿದ್ದಕ್ಕೆ ಬುದ್ಧಿ ಬಂತು ಅಂದರು ಸಜೀವೇಟ್ಟ. ಹಾಲು ಹುಯ್ದು ಹರಟುತ್ತ ನಿಂತವರು ದಿನಾ, ಇವತ್ತು ಬಾವಿ ಬತ್ತಿದೆಯಾ ಕುಳ್ಳಿ ಅಂತ ಕೇಳುತ್ತಾರಂತೆ. 

ಯಾಕೋ ಈ ಮಾತು ಕೇಳಿದಾಗಿನಿಂದ ಸಮಾಧಾನವಿಲ್ಲ. ನೀರು ಹಾಕುತ್ತಿದ್ದವಳು ನಿಲ್ಲಿಸಿದರೆ ಅಂಕಿ ಏರುತ್ತದೆ, ಸರಿ. ಆದರೆ ಆ 8.9 ಎಲ್ಲಿಂದ ಬಂತು? ದಿನಾ ಎಂಟೂವರೆಯ ಆಸುಪಾಸು ಕೊಡುವ ಹಸು ಒಂದೇ ದಿನ ಅಷ್ಟಕ್ಕೆ ಏರುವುದಿಲ್ಲ. ಅವತ್ತು ಹೆಚ್ಚು ಬಂದಾಗ ನಾವು ಯಾರೂ ಕೇಳಲಿಲ್ಲ.

ಜನವರಿ 4, ಭಾನುವಾರ

ಬೆಳಿಗ್ಗೆ ಆರಕ್ಕೆ ಸಜೀವೇಟ್ಟನ ಫೋನು. ಓಡಿ ಹೋದೆ. ಅಚ್ಯುತನ್ ಮಾಷ್ ಬತ್ತೇರಿಯಲ್ಲಿ ಮದುವೆಗೆ ಹೋಗಬೇಕು ಅಂತ ಮೊದಲಿಗೇ ಬಂದು ಹಾಲು ಹುಯ್ದಿದ್ದರು. ಬೋರ್ಡಿನ ಮೇಲೆ 8.0.

ಮಾಷ್ ನಗುತ್ತಿದ್ದರು, ಸಾಲೂ ನಗುತ್ತಿತ್ತು. ಮೆಷೀನಿಗೆ ಜ್ವರ ಬಂದಿದೆ ಅಂತ ಯಾರೋ ಅಂದರು. ಸಜೀವೇಟ್ಟ ಒಂದು ನಿಮಿಷವೂ ತಡಮಾಡದೆ ಕಪಾಟಿನಿಂದ ಹಳೆಯ ಲ್ಯಾಕ್ಟೋಮೀಟರ್ ತೆಗೆದು ಅದೇ ಹಾಲಿಗೆ ಇಳಿಬಿಟ್ಟು ನೋಡಿದರು. ಹಾಲು ಸರಿಯಾಗಿತ್ತು.

ಆ ಗಾಜಿನ ಕೊಳವೆ ಡಿಸೆಂಬರ್ ಪೂರ್ತಿ ಅದೇ ಕಪಾಟಿನಲ್ಲಿತ್ತು. ಕುಳ್ಳಿಗೆ ಯಾರೂ ಅದನ್ನು ತೆಗೆಯಲಿಲ್ಲ. ನನಗೂ ನೆನಪಾಗಲಿಲ್ಲ. ನೆನಪಾಗಲಿಲ್ಲ ಅನ್ನುವುದು ನಿಜವೋ ಸುಳ್ಳೋ ಅಂತ ಈಗ ಕೂತು ಯೋಚಿಸುತ್ತಿದ್ದೇನೆ.

ಜನವರಿ 5, ಸೋಮವಾರ

ಪೆಟ್ಟಿಗೆಯನ್ನೂ ಬೋರ್ಡನ್ನೂ ಅಂಗಡಿಗೆ ತಂದೆ. ಮೇಜಿನ ಮೇಲೆ ನೂರು ಸಲ ಪರೀಕ್ಷಿಸಿದೆ, ನೂರೂ ಸರಿ. ಆಮೇಲೆ ಬೆಳಗಿನ ಚಳಿ ನೆನಪಾಗಿ, ಎರಡನ್ನೂ ಮನೆಗೆ ಒಯ್ದು ಪೆಟ್ಟಿಗೆಯನ್ನು ಫ್ರಿಜ್ಜಿನಲ್ಲಿ, ಮೀನಿನ ಡಬ್ಬಿ ಸರಿಸಿ, ಅರ್ಧ ಗಂಟೆ ಇಟ್ಟೆ. ಹೊರಗೆ ತೆಗೆದು ಲ್ಯಾಪ್‌ಟಾಪಿನಿಂದ ಅದಕ್ಕೆ 8.61 ಅಂತ ಕಳಿಸಿದೆ. ಬೋರ್ಡು ತೋರಿಸಿದ್ದು 8.1.

ನಡುವಿನ ಆರು ಬಿದ್ದುಹೋಗಿತ್ತು. ಚುಕ್ಕಿಯ ಮುಂದೆ ಒಂದೇ ಅಂಕಿ ಕಂಡಾಗೆಲ್ಲ ಕೊನೆಯದು ಸೊನ್ನೆ ಅಂತ ನಾವೆಲ್ಲ ತಿಳಿದುಕೊಂಡಿದ್ದೆವು. ಮೂರೂವರೆ ನಿಧಾನವಿದ್ದ ಗಡಿಯಾರ ಚಳಿಗೆ ಇನ್ನೂ ನಿಧಾನವಾಗಿ, ಹತ್ತನೆಯ ಏಟಿಗೆ ಒನಕೆಗೆ ಒನಕೆ ತಾಗಿತ್ತು. ಆಗ ಅಕ್ಷರ ಕೆಡುತ್ತದೆ. ಕೆಟ್ಟದ್ದನ್ನು ಬಿಟ್ಟು ಮುಂದೆ ಹೋಗು ಅಂತ ಬರೆದವಳು ನಾನೇ. ಆ ಸಾಲು ಇಲ್ಲದಿದ್ದರೆ ಬೋರ್ಡಿನ ಮೇಲೆ ಕೋಳಿ ಕೆದರಿದ ಗೀಟು ಬರುತ್ತಿತ್ತು, ಪೆಟ್ಟಿಗೆ ಕೆಟ್ಟಿದೆ ಅಂತ ಮಕ್ಕಳಿಗೂ ತಿಳಿಯುತ್ತಿತ್ತು. ಚೊಕ್ಕಟವಾಗಿ ಕಾಣಲಿ ಅಂತ ನಾನು ಅದರ ತಪ್ಪನ್ನು ಅಡಗಿಸಿಟ್ಟೆ. 8.59 ಇದ್ದ ದಿನ 8.9 ಆಗಿದೆ. 8.61 ಇದ್ದ ದಿನ 8.1 ಆಗಿದೆ. ಬೋರ್ಡಿನ ದೀಪ ಉರಿದು ಪೆಟ್ಟಿಗೆ ಬೆಚ್ಚಗಾಗಲು ಐದು ನಿಮಿಷ ಸಾಕು, ಎರಡನೆಯವರಿಂದ ಎಲ್ಲರದ್ದೂ ಸರಿ. ಚಳಿ ಜೋರಾದ ದಿನ ಮೊದಲು ಬರುವವಳಿಗೆ ಮಾತ್ರ ತಪ್ಪು. ದಿನಾ ಮೊದಲು ಬರುತ್ತಿದ್ದವಳು ಯಾರು ಅಂತ ನನಗೆ ಗೊತ್ತು.

ರಾತ್ರಿಯೇ ಕೋಳಿಕ್ಕೋಡಿಗೆ ಫೋನು ಮಾಡಿ ಕ್ರಿಸ್ಟಲ್ ಕಳಿಸಲು ಹೇಳಿದೆ.

ಜನವರಿ 9, ಶುಕ್ರವಾರ

ಕೋಳಿಕ್ಕೋಡಿನಿಂದ ಕ್ರಿಸ್ಟಲ್ ಬಂತು. ಒಂದು ಕಡಲೆಬೀಜದಷ್ಟಿದೆ. ಹೊಸದೊಂದು ಪೆಟ್ಟಿಗೆ ಮಾಡಿ ಅದರ ಚಿಪ್ಪಿಗೆ ಬೆಸೆದೆ, ಹನ್ನೆರಡು ಅಂತ ಹಾಕಿದೆ, ಆ ಹಾಳು ಸಾಲನ್ನು ಅಳಿಸಿದೆ. ಕೆಟ್ಟ ಅಕ್ಷರ ಬಂದರೆ ಬೋರ್ಡು ಈಗ ಮೂರು ಗೆರೆ ತೋರಿಸುತ್ತದೆ, ಇನ್ನೊಮ್ಮೆ ಅಳೆಯಬೇಕು. ಫ್ರಿಜ್ಜಿನಲ್ಲಿಟ್ಟು ಐನೂರು ಸಲ ನೋಡಿದೆ. ಒಂದೂ ತಪ್ಪಲಿಲ್ಲ.

ಸಂಜೆ ಕೂಡಿಸಿ ಬಂದೆ. ಏನಾಗಿತ್ತು ಅಂತ ಅಚ್ಯುತನ್ ಮಾಷ್ ಕೇಳಿದರು. ವೈರು ಸಡಿಲವಾಗಿತ್ತು ಅಂದೆ.

ಎಷ್ಟು ಸಲೀಸಾಗಿ ಬಂತು ಬಾಯಲ್ಲಿ. ನಾಳೆಯಿಂದ ಎಲ್ಲ ಸರಿಯಾಗಿರುತ್ತದೆ, ಯಾರಿಗೂ ಏನೂ ಆಗಿಲ್ಲ ಅಂತ ದಾರಿಯುದ್ದಕ್ಕೂ ಹೇಳಿಕೊಂಡು ಬಂದೆ. ಮನೆಗೆ ಬಂದ ಮೇಲೆ ಸಜೀವೇಟ್ಟ ಹೇಳಿದರು, ಕುಳ್ಳಿ ಎರಡು ದಿನದಿಂದ ಹಾಲು ತಂದಿಲ್ಲ.

ಜನವರಿ 12, ಸೋಮವಾರ

ಕುಳ್ಳಿಯ ಮಗಳು ಸುನಿತ ಫೋನಿನ ಚಾರ್ಜಿಂಗ್ ಪಿನ್ನು ಹಾಕಿಸಲು ಅಂಗಡಿಗೆ ಬಂದಿದ್ದಳು. ತಾಯಿ ಹೇಗಿದ್ದಾಳೆ ಅಂತ ಪಿನ್ನು ನೋಡುತ್ತಲೇ ಕೇಳಿದೆ. ಹಸು ಮಾರುತ್ತಾರಂತೆ. ಪನಮರಂನ ದಲ್ಲಾಳಿ ಮುಂದಿನ ಬುಧವಾರ ಬರುತ್ತಾನಂತೆ, ಇಪ್ಪತ್ತೊಂದಕ್ಕೆ. ಹಾಲು ಕೊಡುವ ಹಸು ಯಾಕೆ ಅಂದೆ. ನೀರು ಹಾಕುವವಳು ಅಂತ ಕಾಫಿ ತೋಟದಲ್ಲೂ ಕರೆಯುತ್ತಾರೆ, ಹಸು ಇದ್ದರೆ ಸೊಸೈಟಿಗೆ ಹೋಗಬೇಕು, ಹೋದರೆ ಅದೇ ಮಾತು ಕೇಳಬೇಕು, ಅಮ್ಮನಿಗೆ ಅದು ಬೇಡವಂತೆ ಅಂದಳು. ತಾಯಿಯ ಮೇಲೆ ಅವಳಿಗೂ ಅನುಮಾನವಿದೆ. ನಿಜಕ್ಕೂ ಹಾಕಿದ್ದಳಾ ಅಂತ ನನ್ನನ್ನೇ ಕೇಳಿದಳು, ಮೆಷೀನು ಮಾಡಿದವಳು ನಾನಲ್ಲವಾ.

ನಾನು ಪಿನ್ನು ಬೆಸೆದು ಕೊಟ್ಟೆ.  ಮಗಳ ಎದುರೂ ಬಾಯಿ ಬಿಡಲಿಲ್ಲ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ.

ಜನವರಿ 15, ಗುರುವಾರ

ಹೋದೆ. ಅಂಗಡಿಗೆ ಬೀಗ ಹಾಕಿ ಬಸ್ಸಿಳಿದು ಕಾಡಿನಂಚಿನವರೆಗೆ ನಡೆದೆ. ಆನೆಬೇಲಿಯ ಆಚೆ ಮನೆ. ಈ ಬೇಲಿಯ ಪೆಟ್ಟಿಗೆಯನ್ನು ಎಷ್ಟೋ ಸಲ ರಿಪೇರಿ ಮಾಡಿದ್ದೇನೆ, ಆಚೆಗೆ ಕಾಲಿಟ್ಟದ್ದು ಇದೇ ಮೊದಲು. ಕುಳ್ಳಿ ಹಸುವಿನ ಮೈ ಉಜ್ಜುತ್ತಿದ್ದರು. ಕಪ್ಪು ಹಸು, ಹಣೆಯಲ್ಲಿ ಬಿಳಿ ಮಚ್ಚೆ. ನನಗೆ ಕೂರಲು ಚಾಪೆ ಹಾಕಿದರು, ಕಪ್ಪುಚಾ ಕೊಟ್ಟರು. ಹಾಲಿದ್ದ ಮನೆಯಲ್ಲಿ, ಅದೇ ಹಾಲಿಗೆ ನೀರು ಬೆರೆಸಿದ್ದೀಯ ಅಂದವಳಿಗೆ, ಕಪ್ಪುಚಾ ಯಾಕೆ ಅಂತ ನಾನು ಕೇಳಲಿಲ್ಲ.

ಎಲ್ಲ ಹೇಳಿದೆ. ಗಡಿಯಾರ, ಚಳಿ, ಬಿದ್ದುಹೋದ ಅಂಕಿ, ನಾನು ಬರೆದ ಆ ಒಂದು ಸಾಲು. ಹೇಳುತ್ತ ಅಳು ಬಂತು. ಅವರು ಅಳಲಿಲ್ಲ, ಹಸುವಿನ ಬೆನ್ನ ಮೇಲೆ ಕೈ ಇಟ್ಟುಕೊಂಡು ಕೇಳಿದರು. ನಾನು ಮುಗಿಸಿ, ತಪ್ಪಾಯಿತು ಅಂದೆ. ಅಂದರೆ ಹಗುರವಾಗುತ್ತದೆ ಅಂದುಕೊಂಡಿದ್ದೆ.

"ನಾ ನೀರು ಹಾಕಿಲ್ಲ ಅಂತ ನಂಗೆ ಆವತ್ತೇ ಗೊತ್ತು" ಅಂದರು. "ನಂಗೆ ಬಂದು ಯಾಕೆ ಹೇಳ್ತೀಯಮ್ಮಾ? ಗೊತ್ತಿಲ್ಲದೋರು ಅಲ್ಲಿದಾರೆ. ಅವ್ರಿಗೆ ಹೇಳು."

ಮತ್ತೆ ಹಸು ಉಜ್ಜಲು ಶುರುಮಾಡಿದರು.

ಜನವರಿ 16, ಶುಕ್ರವಾರ

ಸಜೀವೇಟ್ಟನಿಗೆ ಹೇಳಿದೆ. ಅತ್ತೆಗೆ ಕೇಳದ ಹಾಗೆ ಬಾಗಿಲು ಮುಂದಕ್ಕೆ ಹಾಕಿದರು. ಆಮೇಲೆ, ಸರಿ ಮಾಡಿದೆಯಲ್ಲ, ಈಗ ಕೆದಕಿದರೆ ಸೊಸೈಟಿಯ ಒಂದೊಂದು ಅಂಕಿಯನ್ನೂ ಜನ ಅನುಮಾನಿಸುತ್ತಾರೆ, ನಿನ್ನ ಅಂಗಡಿಗೆ ಒಂದು ಟಾರ್ಚೂ ಬರುವುದಿಲ್ಲ ಅಂದರು. ಎಲ್ಲ ನಿಜವೇ. ಮುಖ ಆಚೆ ತಿರುಗಿಸಿ ಇನ್ನೊಂದು ಮಾತು ಹೇಳಿದರು: "ಕ್ಯಾನು ಎತ್ತಿ ಕೆಳಗಿಟ್ಟವನು ನಾನು, ವಿದ್ಯಾ. ಅದನ್ನು ನೀನು ಹೇಳ್ತೀಯಾ, ನಾನು ಹೇಳಬೇಕಾ?"

 ಇಬ್ಬರೂ ಉಂಡು ಮಲಗಿದೆವು.

ಜನವರಿ 19, ಸೋಮವಾರ

ಹಳೆಯ ಪೆಟ್ಟಿಗೆಯನ್ನು ನಿನ್ನೆಯಿಂದಲೇ ಅಂಗಳದ ಮಂಜಿನಲ್ಲಿಟ್ಟಿದ್ದೆ. ಐದೂವರೆಗೆ ಸೊಸೈಟಿಗೆ ಒಯ್ದೆ. ಸಜೀವೇಟ್ಟ ಬೇಡ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ, ಷಟರ್ ಎತ್ತಿ ಪಕ್ಕಕ್ಕೆ ನಿಂತರು. ಹೊಸದನ್ನು ಬಿಚ್ಚಿ ಹಳೆಯದನ್ನು ಕೂಡಿಸಿದೆ. ಪೆಟ್ಟಿಗೆ ಬೆಚ್ಚಗಾಗದಿರಲಿ ಅಂತ, ಇಪ್ಪತ್ತು ಜನರಾದರೂ ಸೇರುವವರೆಗೆ ಸ್ವಿಚ್ಚು ಹಾಕಲಿಲ್ಲ.

ಮೊದಲು ನಮ್ಮ ಮನೆಯದೇ ಹಾಲು ಹುಯ್ದೆ. ಅತ್ತೆ ನಾರಾಯಣಿಯೇ ಕರೆದದ್ದು, ಕ್ಯಾನು ಹಿಡಿದು ಬಂದವರೂ ಅವರೇ. ಬೋರ್ಡಿನ ಮೇಲೆ 8.5 ಬಂತು. ಸರಿಯಾಗಿಯೇ ಇದೆಯಲ್ಲ ಅಂದರು ಯಾರೋ.  ಅದೇ ಹಾಲನ್ನು ಇನ್ನೊಮ್ಮೆ ಹುಯ್ದೆ. 8.2. ಮತ್ತೊಮ್ಮೆ ಹುಯ್ದಾಗ 8.52. ಒಂದೇ ಕ್ಯಾನಿನ ಹಾಲು. ಅತ್ತೆಯ ಮುಖ ಕೆಂಪಾಯಿತು, ನಾನು ನೀರು ಹಾಕಿದೆನಾ ಅಂತ ನನ್ನ ಮೇಲೇ ಏರಿ ಬಂದರು. ಕುಳ್ಳಿಯಕ್ಕನೂ ಇದನ್ನೇ ಹೇಳಿದ್ದರು ಅಂದೆ.

ಆಮೇಲೆ ಮಲಯಾಳದಲ್ಲಿ, ಎಲ್ಲರಿಗೂ ಅರ್ಥವಾಗುವ ಹಾಗೆ, ಮೊದಲಿನಿಂದ ಹೇಳಿದೆ. ವೈರು ಸಡಿಲವಾಗಿತ್ತು ಅಂದದ್ದು ಸುಳ್ಳು ಅಂತಲೂ ಹೇಳಿದೆ. ಯಾರೂ ನಗಲಿಲ್ಲ. ಅಚ್ಯುತನ್ ಮಾಷ್ ನೆಲ ನೋಡುತ್ತಿದ್ದರು. ಸಜೀವೇಟ್ಟ ಒಂದೇ ಮಾತು ಆಡಿದರು: "ಲ್ಯಾಕ್ಟೋಮೀಟರ್ ನನ್ನ ಕೈಗೆಟುಕುವಲ್ಲೇ ಇತ್ತು. ನಾನು ತೆಗೆಯಲಿಲ್ಲ."

ಹೊಸ ಪೆಟ್ಟಿಗೆಯನ್ನೇ ಮತ್ತೆ ಕೂಡಿಸಿ ಬಂದೆ. ಮಧ್ಯಾಹ್ನ ಒಬ್ಬರು ಅಂಗಡಿಗೆ ಬಂದು ರಿಪೇರಿಗೆ ಕೊಟ್ಟಿದ್ದ ಬೇಲಿ ಪೆಟ್ಟಿಗೆ ವಾಪಸು ತೆಗೆದುಕೊಂಡು ಹೋದರು. ಕೊಟ್ಟೆ.

ಜನವರಿ 21, ಬುಧವಾರ

ಷಟರ್ ಎತ್ತುವಾಗ ಕಟ್ಟೆಯ ಮುಂದಿನ ಕಂಬಕ್ಕೆ ಹಸು ಕಟ್ಟಿತ್ತು. ಕಪ್ಪು ಹಸು, ಹಣೆಯಲ್ಲಿ ಬಿಳಿ ಮಚ್ಚೆ. ಪಕ್ಕದಲ್ಲಿ ಕರು, ಸುನಿತ, ಕುಳ್ಳಿಯಕ್ಕ. ಮಾರುತ್ತಾರೆ ಅಂದಿದ್ದ ದಿನ ಇದೇ. ದಲ್ಲಾಳಿಗೆ ಒಪ್ಪಿಸಲು ಹೊರಟಿದ್ದಾರೋ ಏನೋ ಅಂದುಕೊಂಡೆ.

ಕುಳ್ಳಿಯಕ್ಕ ಸಾಲು ಪೂರ್ತಿ ಸೇರುವವರೆಗೆ ಕಾದರು. ಆಮೇಲೆ ಕ್ಯಾನನ್ನು ತಲೆಕೆಳಗು ಹಿಡಿದು ಎಲ್ಲರಿಗೂ ತೋರಿಸಿದರು, ಒಂದು ಹನಿಯೂ ಇರಲಿಲ್ಲ. ಕೂತು ಕರೆಯತೊಡಗಿದರು. ಇಪ್ಪತ್ತೈದು ಜನ ನಿಂತು ಒಬ್ಬ ಹೆಂಗಸು ಹಾಲು ಕರೆಯುವುದನ್ನು ನೋಡಿದೆವು. ಡಿಸೆಂಬರಿನಲ್ಲಿ ಅವರು ಕೇಳಿದ್ದು ಇಷ್ಟನ್ನೇ. ಆಗ ಹತ್ತು ನಿಮಿಷ ನಿಂತು ನೋಡಿದ್ದರೆ ಮುಗಿಯುತ್ತಿತ್ತು.

ಸಜೀವೇಟ್ಟ ಎರಡೂ ಕೈಯಿಂದ ಕ್ಯಾನು ಇಸಿದುಕೊಂಡು ಯಂತ್ರಕ್ಕೆ ಹುಯ್ದರು. ಬೋರ್ಡು ಹೊತ್ತಿತು. ಕುಳ್ಳಿಯಕ್ಕ ಅದರ ಕಡೆ ನೋಡಲಿಲ್ಲ, ನನ್ನನ್ನು ನೋಡಿದರು.

"ಓದು" ಅಂದರು.

ಎಂಟು ಪಾಯಿಂಟ್ ಆರು ಮೂರು ಅಂದೆ.

"ಆವತ್ತು ಗಟ್ಟಿಯಾಗಿ ಓದಿದ್ದೆ."

ಗಟ್ಟಿಯಾಗಿ ಓದಿದೆ. ಸಾಲಿನ ಕೊನೆಯವರಿಗೂ ಕೇಳಿತು.

"ಇನ್ನೊಂದು ಸಲ."

ಓದಿದೆ. ಮೂರಾಯಿತು. ಅವರು ಬೆರಳಲ್ಲಿ ಎಣಿಸುತ್ತಿದ್ದರು ಅಂತ ಆಗ ಕಂಡಿತು. ಮೂರನೆಯ ಬೆರಳು ಮಡಚಿ, ಖಾಲಿ ಕ್ಯಾನು ಇಸಿದುಕೊಂಡು, ಹಸುವಿನ ಹಗ್ಗ ಬಿಚ್ಚಿದರು. ಹಸುವನ್ನು ಕಾಡಿನ ದಾರಿಗೆ, ಮನೆಯ ಕಡೆಗೇ ತಿರುಗಿಸಿದರು.  ಅವರು ಕ್ಷಮಿಸಿದೆ ಅನ್ನಲಿ ಅಂತ ನಾನು ಕಾಯುತ್ತ ನಿಂತಿದ್ದೆ, ಅದು ಈಗ ಬರೆಯುವಾಗ ಗೊತ್ತಾಗುತ್ತಿದೆ.

ಸಾಲಿನವರು ದಾರಿ ಬಿಟ್ಟು ನಿಂತರು. ಕರು ಒಬ್ಬೊಬ್ಬರ ಕ್ಯಾನೂ ಮೂಸುತ್ತ ಹೋಯಿತು, ಯಾರೂ ತಮ್ಮದನ್ನು ಎಳೆದುಕೊಳ್ಳಲಿಲ್ಲ.